ಸರ ತರಿಸಿದ ಪರದೇಶದ ಪಾಟಿ

ಬಲಗೈ ಹೆಬ್ಬೆರಳನ್ನು ನಾಲಿಗೆಗೆ ತಾಗಿಸದೆ ನಮ್ಮ ಸರ ಯಾವ ಪುಟವನ್ನೂ ತಿರುವಿದವರಲ್ಲ. ವಿದೇಶದಿಂದ ತರಿಸಿದ, ಸ್ಲೇಟಿನಂಥ ಇ-ರೀಡರಿನ ಮೇಲೂ ಅದೇ ಒದ್ದೆ ಹೆಬ್ಬೆರಳು. ಅದು ಒಮ್ಮೊಮ್ಮೆ ಎರಡು ಪುಟ ಹಾರಿಬಿಡುತ್ತಿತ್ತು. "ಹುಚ್ಚ ಪಾಟಿ, ಎಲ್ಲಿಗೆ ಓಡತಿ?" ಎಂದು ಬೈದು ಹಿಂದಕ್ಕೆ ಕರೆತರುತ್ತಿದ್ದರು.

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ನಾನೂ ಅವರೂ ಇತಿಹಾಸ ಕಲಿಸುತ್ತಿದ್ದೆವು. ಅವರು ದಿನಾ ಚಚಡಿಯಿಂದ ಬಸ್ಸಿಗೆ ಬರುವರು. ಒಬ್ಬರೇ ಗೈಡ್ ಬಳಿ ಇಬ್ಬರೂ ಪಿಎಚ್.ಡಿ.ಗೆ ಸೇರಿದ್ದೆವು. ನಾನು ಚಿಕ್ಕವಳು, ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಮೊದಲು ಮುಗಿಸುವವಳು ನಾನೇ ಎಂದು ಜಂಬದಿಂದಿದ್ದೆ.

ಅವರ ಪ್ರಬಂಧಕ್ಕೆ ಬೇಕಾದ ವತನದ, ಎಂದರೆ ಇನಾಮು ಭೂಮಿಯ, ಹಳೆಯ ಕಾಗದಗಳ ಸ್ಕ್ಯಾನ್ ಪ್ರತಿಗಳು ಮೊಬೈಲಿನಲ್ಲಿ ಓದಲು ಬಾರವು, ಕಂಪ್ಯೂಟರಿನಲ್ಲಿ ಓದಿದರೆ ಅವರ ಕಣ್ಣಲ್ಲಿ ನೀರು. ಅದಕ್ಕೇ ಇಲ್ಲಿ ಸಿಗದ ದೊಡ್ಡ ಪರದೆಯ ಇ-ರೀಡರನ್ನು ಹೊರದೇಶದಿಂದ ತರಿಸಿದರು. ಅದು ಮುಂಬೈ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಾಗ, ಬಸುರಿ ಮಗಳ ಸುದ್ದಿ ಹೇಳುವಂತೆ ದಿನವೂ ನಮಗೆ ಪಾರ್ಸೆಲ್ಲಿನ ಸುದ್ದಿ ಹೇಳುತ್ತಿದ್ದರು.

ಬಂತು. ಸ್ಟಾಫ್ ರೂಮಿಗೆ ರೂಮೇ ಅವರ ಮೇಜನ್ನು ಮುತ್ತಿತು. ಅದರ ಮೇಲೆ ಪೆನ್ನಿನಿಂದ ಬರೆಯಲೂ ಬರುತ್ತಿತ್ತು. ನನ್ನ ಹೊಟ್ಟೆ ಧಗಧಗ ಉರಿಯಿತು.

"ಮೇಡಮ್ಮಾರ, ನಾಕ ದಿನ ಮನಿಗೆ ಒಯ್ರಿ, ಓದಿ ತರ್ರಿ" ಎಂದರು.

"ನನಗ ಕಾಗದಾನ ಬರೋಬ್ಬರಿ ಸರ" ಎಂದೆ. ಮನೆಗೆ ಹೋಗಿ ಅದೇ ಯಂತ್ರದ ಚಿತ್ರ ನೋಡುತ್ತ ಕುಳಿತೆ.

ಮಹಾನವಮಿಯ ಖಂಡೇ ಪೂಜೆಯಲ್ಲಿ, ಆಯುಧಗಳೆಂದು ಪೂಜೆಗಿಟ್ಟ ಕಾಲೇಜಿನ ಗಂಟೆ, ತಕ್ಕಡಿಗಳ ಸಾಲಿನಲ್ಲಿ ಸರ ಪಾಟಿಯನ್ನೂ ಇಟ್ಟರು. ಎಲ್ಲಮ್ಮನ ಗುಡ್ಡದ ಭಂಡಾರವನ್ನು ಮುಷ್ಟಿಗಟ್ಟಲೆ ಎರಚಿದರು. ಅಂದಿನಿಂದ ಅದು ಚಾರ್ಜ್ ಆಗಲೊಲ್ಲದು.

"ಎಲ್ಲವ್ವ ಮುನದಾಳ್ರಿ" ಎಂದು ಸಪ್ಪಗಾದರು.

ಮುನಿದದ್ದು ಎಲ್ಲವ್ವನಲ್ಲ. ಚಾರ್ಜರ್ ಚುಚ್ಚುವ ತೂತಿನ ತುಂಬ ಭಂಡಾರದ ಅರಿಶಿನ. ಅದು ನನ್ನ ಕಣ್ಣಿಗೆ ಮಾತ್ರ ಬಿದ್ದಿತ್ತು. ಹೋಳಿಗೆ ಉಂಡಷ್ಟು ಸುಖವಾಯಿತು. ಆದರೆ ಆ ಮನುಷ್ಯ ಮೊಬೈಲನ್ನು ಮೂಗಿಗೆ ಹಿಡಿದು, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ ಓದತೊಡಗಿದರು.

"ಈ ತಿಂಗಳ ಪ್ರಬಂಧ ಕೊಡಲಿಲ್ಲಂದ್ರ ಮುಗೀತ್ರಿ ನಂದು. ಮುದತ್ ತೀರತೈತಿ."

ನೋಡಲಾಗಲಿಲ್ಲ, ಸಿಟ್ಟೇ ಬಂತು. "ಕೊಡ್ರಿ ಇಲ್ಲೆ! ಹಣಿಗೆ ಹಚ್ಚೂದನ್ನ ತೂತಿನಾಗ ತುಂಬೀರಲ್ಲ ಸರ!" ಕಸಬರಿಗೆಯ ಕಡ್ಡಿ ಮುರಿದು, ಊದಿ ಊದಿ ಅರಿಶಿನ ತೆಗೆದೆ. ಚಾರ್ಜಿನ ದೀಪ ಹತ್ತಿತು.

"ನಿಮ್ಮ ಕೈಯಾಗ ಎಲ್ಲವ್ವ ಅದಾಳ" ಎಂದು ಕೈಮುಗಿದರು. ಆ ತಿಂಗಳೇ ಪ್ರಬಂಧ ಸಲ್ಲಿಸಿದರು, ನನಗಿಂತ ಮೊದಲು. ನಾನೇ ದಾರಿ ಮಾಡಿಕೊಟ್ಟೆನಲ್ಲ ಎಂದು ಇನ್ನಷ್ಟು ಉರಿದುಕೊಂಡೆ.

ಡಾಕ್ಟರೇಟ್ ಬಂದಾಗ ಪಾಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಇನ್ನ ನಿಮ್ಮ ಪಾಳಿ. ಪೂಜಿ ಮಾತ್ರ ನಾನ ಮಾಡತೇನಿ."

ಈ ಸಲ ಬೇಡವೆನ್ನಲಿಲ್ಲ. ಅದರಲ್ಲೇ ಓದಿ ನನ್ನ ಪ್ರಬಂಧ ಮುಗಿಸಿದೆ. ಅಷ್ಟರಲ್ಲಿ ಅವರ ಎದೆ ಕೈಕೊಟ್ಟಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಕಳೆದ ತಿಂಗಳು ನನ್ನ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು ಎಲ್ಲ ಕೇಳಿ ಮುಗಿಸಿ, "ನಿಮ್ಮ ಕಾಲೇಜಿನ ಆ ಹಿರಿಯರ ಪ್ರಬಂಧ ನೋಡೀರಿಲ್ಲೋ? ಕೆಲಸ ಅಂದ್ರ ಅದು" ಎಂದರು.

ಮತ್ತೆ ಹೊಟ್ಟೆ ಉರಿಯಿತು, ಸತ್ತವರ ಮೇಲೆ! ಹೊರಗೆ ಬಂದು ಎಲ್ಲರಿಗೂ ಪೇಢೆ ಹಂಚಿದೆ. ಎಲ್ಲರೂ ಡಾಕ್ಟರಮ್ಮ ಎಂದರು. ಆ ಮನುಷ್ಯನನ್ನು ಹಿಂದೆ ಹಾಕಬೇಕೆಂಬ ಹಟಕ್ಕೇ ನಾನು ಇಷ್ಟು ವರ್ಷ ಓದಿದ್ದು. ಇನ್ನು ಯಾರ ಮೇಲೆ ಉರಿದುಕೊಂಡು ಓದಲಿ, ಸರ?