ಅಕ್ಕನ ಜೋಗುಳ ಅಳಿಸಿದ ಹಾಡು

ಸಿಂದಗಿಯಿಂದ ಅಕ್ಕನನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದೆವು. ಅವಳ ಗಂಡ, ನಾನು ಮಾಮಾ ಎನ್ನುತ್ತಿದ್ದವರು, ಮನೆಯ ಮುಂದಿನ ಖೋಲಿಯಲ್ಲಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟಿದ್ದರು. ಅಕ್ಕನ ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಕೂಸನ್ನು ನೋಡಿಕೊಳ್ಳಲು ನಾನು ಬಂದು ಅವರ ಮನೆಯಲ್ಲೇ ಉಳಿದೆ.

ಆಪರೇಷನ್ನಿಗೆ ಹೊರಡುವ ಮುನ್ನ ಅಕ್ಕ ಅಂಗಡಿಯ ಬಾಗಿಲು ಹಾಕಿಸಿ, ಮೈಕಿನ ಮುಂದೆ ಕೂತು ಜೋಗುಳ ಹಾಡಿದಳು. ನಡುವೆ ಕೆಮ್ಮು ಬಂತು.

"ತೆಗೀಬ್ಯಾಡ್ರಿ, ಇರ್ಲಿ. ನಾ ಕೆಮ್ಮಿದ್ದೂ ಆಕಿ ಕೇಳ್ಲಿ" ಎಂದಳು ಮಾಮಾಗೆ.

ಅಕ್ಕ ಉಳಿದಳು, ಧ್ವನಿ ಹೋಯಿತು. ದಿನಾ ಸಂಜೆ ಮಾಮಾ ಕಂಪ್ಯೂಟರಿನಲ್ಲಿ ಜೋಗುಳ ಹಚ್ಚುತ್ತಿದ್ದರು, ಅಕ್ಕ ತೊಟ್ಟಿಲು ತೂಗುತ್ತಿದ್ದಳು. ಕೂಸು ಒಮ್ಮೆ ತಾಯಿಯ ಮುಖ ನೋಡಿ, ಒಮ್ಮೆ ಸ್ಪೀಕರಿನ ಕಡೆ ತಿರುಗಿ ಕಣ್ಣು ಮುಚ್ಚುತ್ತಿತ್ತು.

ಒಂದು ದಿನ ಲಗ್ನಪತ್ರಿಕೆ ಮಾಡಿಸಲು ಇಂಡಿಯಿಂದ ಬಂದವರೊಬ್ಬರು ಹಾಡಿನ ಸಿ.ಡಿ. ಕೊಟ್ಟು, "ಕೆಲಸ ಆಗೂತನಕ ಇದನ್ನ ಹಚ್ರಿ" ಎಂದರು. ಮಾಮಾ ಒಂದು ಹಾಡು ಒತ್ತಿದರು. ಕಂಪ್ಯೂಟರಿನಲ್ಲಿ ಹಾಡು ನುಡಿಸುವ ಪ್ಲೇಯರ್ ತಡವರಿಸಿ ತಾನೇ ಮುಚ್ಚಿಕೊಂಡಿತು. ಸಿ.ಡಿ.ಗೆ ಗೀರು ಬಿದ್ದಿರಬೇಕೆಂದು ವಾಪಸು ಕೊಟ್ಟರು. ಸಂಜೆ ಜೋಗುಳ ಹಚ್ಚಿದರೆ ಬರೀ ಗರಗರ ಸದ್ದು. ಇನ್ನೊಂದು ಪ್ರತಿ ಇತ್ತು, ಆದರೆ ಅದೂ ಅದೇ ಯಂತ್ರದಲ್ಲಿ. ಅದೂ ಗರಗರ.

ಮಾಮಾ ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಬಿಜಾಪುರಕ್ಕೆ ಒಯ್ದರು. ನಾನೂ ಜೊತೆಗಿದ್ದೆ. ಮಾಮಾ ರಿಪೇರಿಯವನಿಗೆ ಆ ಸಿ.ಡಿ.ಯ ಕಥೆ ಹೇಳಿದರು.

"ಇಂಥಾ ಸಿ.ಡಿ. ಮೊದಲೂ ನೋಡೀನ್ರಿ. ಅದರಾಗಿನ ಹಾಡಿನ ಹೆಸರಿನ ಜಾಗಾದಾಗ ಯಾರೋ ಕಳ್ಳ ಪ್ರೋಗ್ರಾಮ್ ಅಡಗಿಸಿಟ್ಟಾರ್ರಿ," ಎಂದ ರಿಪೇರಿಯವನು. "ಹೆಸರು ಎಷ್ಟು ಉದ್ದ ಐತಿ ಅಂತ ಈ ಪ್ಲೇಯರ್ ನೋಡೂದಿಲ್ಲ. ಓದಾಕ ಹೋದಾಗ ಹೆಸರು ತನ್ನ ಜಾಗಾ ಮೀರಿ ಹರದು, ಕಳ್ಳಗ ಹಾದಿ ಬಿಟ್ಟು ಕೊಟ್ಟೈತಿ. ಒಳಗ ಬಂದದ್ದು ಇದ್ದ ಹಾಡೆಲ್ಲ ಕೆಡಿಸೇತಿ. ಪ್ಲೇಯರ್ ಕಂಪನಿಯವರು ಇದನ್ನ ಸರಿ ಮಾಡಿ ಹೊಸಾದು ಬಿಟ್ಟಾರ, ಇಂಟರ್ನೆಟ್ಟಿನ್ಯಾಗ."

"ನಮಗ್ಯಾರ ಹೇಳ್ಯಾರ್ರೀ?" ಎಂದರು ಮಾಮಾ. ಅವರ ಅಂಗಡಿಗೆ ಇಂಟರ್ನೆಟ್ ಇನ್ನೂ ಬಂದಿರಲಿಲ್ಲ. "ಹಳೇ ಜೋಗುಳ ತಿರುಗಿ ತೆಗಿಯಾಕ ಬರ್ತೈತೇನ್ರಿ?"

"ಬರೇ ಅಳಿಸಿದ್ರ ನೋಡಬಹುದಿತ್ರಿ. ಇದು ಅದರ ಮ್ಯಾಲೇ ಬ್ಯಾರೆ ಬರದೈತಿ."

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮಾಮಾ ತಲೆ ಎತ್ತಲಿಲ್ಲ. ಅವಳಿಗೆ ತಿಳಿಯಿತು. ಅಳುವುದಕ್ಕೂ ಅವಳಲ್ಲಿ ಸದ್ದಿರಲಿಲ್ಲ, ಸೆರಗಿನಡಿ ಭುಜಗಳಷ್ಟೇ ಅಲುಗುತ್ತಿದ್ದವು.

ಸ್ಪೀಕರಿನ ಕಡೆ ತಿರುಗಿ ತಿರುಗಿ ಕೂಸು ರಚ್ಚೆ ಹಿಡಿಯಿತು. ನಾನೇ ಆ ಜೋಗುಳ ಹಾಡಿದೆ. ಅಕ್ಕ ಹಾಗಲ್ಲವೆಂಬಂತೆ ತಲೆಯಾಡಿಸಿ, ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಕೈಯಿಂದ ತೋರಿಸಿದಳು. ಮತ್ತೆ ಹಾಡಿದೆ, ಮತ್ತೆ ತೋರಿಸಿದಳು. ನನಗೆ ಅದು ಕೊನೆಗೂ ಬರಲಿಲ್ಲ. ಕೂಸು ನನ್ನ ದನಿಗೇ ಮಲಗಲು ಕಲಿಯಿತು. ಆಮೇಲೆ ಅಕ್ಕ ತಿದ್ದುವುದನ್ನು ಬಿಟ್ಟಳು.