ಊರು ಬಿಡದವರ ಸಂದರ್ಶನ

2022ರ ಬೇಸಿಗೆಯಲ್ಲಿ ನಾನು ಕೊಪ್ಪಳದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಎಂ.ಎ. ಎರಡನೆಯ ವರ್ಷದವರಿಗೆ ‘ಯುದ್ಧ ಮತ್ತು ರಾಜಕಾರಣ’ ಎಂಬ ಪತ್ರಿಕೆಯನ್ನೂ ಅದಕ್ಕೆ ಬೇಕಾದ ಸಂಶೋಧನಾ ವಿಧಾನವನ್ನೂ ಕಲಿಸುವುದು ನನ್ನ ಕೆಲಸ. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಹಳ್ಳಿಯ ಶಾಲೆಗಳಲ್ಲಿ ಕನ್ನಡ ಕಲಿಸಿದ್ದೆ. ಒಂದು ಮಹಾಪ್ರಾಣ ತಪ್ಪಿದರೆ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದವಳೆಂದು ನನ್ನ ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಸುತ್ತಾರೆ. ಅದು ಪ್ರೀತಿಯಿಂದಲೇ ಎಂದು ನಾನು ನಂಬಿದ್ದೇನೆ.

ಯುದ್ಧವೆಂದರೆ ದೂರದ ಗಡಿಯ ಸಂಗತಿ ಎಂದುಕೊಂಡು ಬರುವ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುತ್ತಿದ್ದೆ: ಅದು ನಿಮ್ಮ ಮುತ್ತಜ್ಜಿಯ ಅಂಗಳಕ್ಕೂ ಬಂದಿತ್ತು. ನಮ್ಮ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಸ್ವಾತಂತ್ರ್ಯ ಬಂದ ಮರುವರ್ಷದವರೆಗೂ ಇಲ್ಲಿ ರಜಾಕಾರರೆಂಬ ಖಾಸಗಿ ಪಡೆಯ ಹಾವಳಿಯಿತ್ತು. ಎಷ್ಟೋ ಹಳ್ಳಿಗಳ ಜನ ತುಂಗಭದ್ರೆಯನ್ನು ದಾಟಿ ಆಚೆಯ ಸೀಮೆಗೆ ಓಡಿದ್ದರು. ಆಗ ಎಂಟು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಕೇಳುವುದಿದ್ದರೆ ಈಗಲೇ ಕೇಳಬೇಕು.

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವಳು ಹುಲಿಗೆಮ್ಮ. ಕೂಲಿಮಾಡುವವರ ಮನೆಯ ಹುಡುಗಿ; ಒಂದನೆಯ ತರಗತಿಯಿಂದಲೂ ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಓದಿದವಳು. ರಜೆಯ ದಿನಗಳಲ್ಲಿ ಕುಷ್ಟಗಿ ಕಡೆಯ ಬೀಜೋತ್ಪಾದನೆಯ ಹೊಲಗಳಿಗೆ ಹೋಗಿ, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಮಾಡುತ್ತಿದ್ದಳು. ಸೋಮವಾರ ತರಗತಿಗೆ ಬಂದಾಗ ಬೆರಳ ತುದಿ ಹಳದಿಯಾಗಿರುತ್ತಿತ್ತು. ಹುಲಿಹೈದರದಿಂದ ಆಚೆಗಿರುವ ತನ್ನ ಹಳ್ಳಿ ಆ ವರ್ಷ ಹೇಗೆ ಬದುಕಿ ಉಳಿಯಿತೆಂಬುದು ಅವಳ ಪ್ರಬಂಧದ ವಿಷಯ. ಅವಳು ಹುಟ್ಟುವ ಮೊದಲು ಅದೇ ಹಳ್ಳಿಯ ಶಾಲೆಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ.

ಪ್ರಬಂಧ ಸಲ್ಲಿಸಲು ಹನ್ನೆರಡು ದಿನ ಉಳಿದಾಗ ಅವಳು ಎಂಟು ಹಿರಿಯರ ಸಂದರ್ಶನಗಳನ್ನು ತಂದಳು. ಮೊಬೈಲಿನಲ್ಲಿ ದನಿ ಹಿಡಿಯಲು ಯಾರೂ ಒಪ್ಪದ ಕಾರಣ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡಿದ್ದಳು. ನಾನು ಕೆಂಪು ಪೆನ್ನು ಹಿಡಿದು ಓದತೊಡಗಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಉಳಿದವನ್ನೂ ತಿರುವಿ ನೋಡಿದೆ. ಎಂಟರಲ್ಲಿ ಆರು ಜನ ಒಂದೇ ಕ್ರಮದಲ್ಲಿ, ಒಂದೇ ಮಾತಿನಲ್ಲಿ ಹೇಳಿದ್ದರು: ಊರೆಲ್ಲ ಒಂದಾಗಿ ಹೊಂಟಿತು, ಹಿಂದ ಉಳದದ್ದು ನಾಯಿ ಅಷ್ಟ.

“ಇವನ್ನ ಮನ್ಯಾಗ ಕುಂತು ಬರದೀಯೇನು?” ಎಂದೆ.

ಅವಳ ಮುಖ ಸಪ್ಪಗಾಯಿತು. “ಇಲ್ರಿ ಅಕ್ಕೋರ. ಅವ್ರು ಹಂಗ ಹೇಳಿದ್ರ ನಾ ಏನ್ ಮಾಡ್ಲಿರಿ?”

“ಆರು ಮಂದಿ ಬಾಯಾಗ ಒಂದ ಮಾತು ಬರೂದಿಲ್ಲ.”

ಕಟ್ಟುಕತೆಯನ್ನು ಮಾಹಿತಿಯೆಂದು ಕೊಟ್ಟರೆ ಪ್ರಬಂಧ ತಿರಸ್ಕೃತವಾಗುತ್ತದೆ. ವಿದ್ಯಾರ್ಥಿ ಇನ್ನೊಂದು ವರ್ಷ ಕಾಯಬೇಕು. “ಇನ್ನೊಂದು ವರ್ಸ ಅಂದ್ರ ಮನ್ಯಾಗ ಕೇಳಂಗಿಲ್ರಿ, ಓದು ಇಲ್ಲಿಗೇ ಮುಗೀತೈತಿ” ಎಂದಳು. ಅಳಲಿಲ್ಲ. “ನೀವ ಬರ್ರಿ. ನೀವ ಕೇಳ್ರಿ.” ನಾನು ವಿಭಾಗಕ್ಕೆ ಬರೆಯಬೇಕಾಗಿದ್ದ ವರದಿಯನ್ನು ತಡೆದಿಟ್ಟು, ಭಾನುವಾರ ಅವಳೊಡನೆ ಗಂಗಾವತಿ, ಕನಕಗಿರಿಗಳ ಮೇಲೆ ಬಸ್ಸು ಬದಲಾಯಿಸುತ್ತ ಹೊರಟೆ. ಕನಕಗಿರಿಯಲ್ಲಿ ಅವಳು, ನಾನು ಕೇಳದೆಯೇ, ನನಗೊಂದು ಚಹಾ ತಂದುಕೊಟ್ಟಳು.

ಹನುಮಪ್ಪ ಅವಳ ಮೊದಲ ಸಂದರ್ಶನದ ಹಿರಿಯ. ಗುಡಿಯ ಕಟ್ಟೆಯ ಮೇಲೆ ಮೂವರು ಗೆಳೆಯರೊಡನೆ ಕುಳಿತಿದ್ದ. ನನ್ನನ್ನು ಕಂಡು ಎದ್ದುನಿಂತ. ಆ ವರ್ಷದ ಸಂಗತಿ ಹೇಳೆಂದು ನಾನು ಕೇಳಿದೊಡನೆ ಕೈಕಟ್ಟಿಕೊಂಡು, ಕಣ್ಣು ಮುಚ್ಚಿ, ತಡವರಿಸದೆ ಹೇಳಿದ. ನಾಯಿಗಳ ಮಾತೂ ಬಂತು.

“ಹಿಂಗ ಹೇಳಾಕ ಯಾರು ಕಲಿಸಿದ್ರು ಹನುಮಪ್ಪಾ?”

ಅವನು ನಕ್ಕ. “ಇದೇನ್ರಿ ಅಕ್ಕೋರ, ನೀವ ಬರದು ಕೊಟ್ಟಿದ್ದಲ್ರಿ! ನೆಪ್ಪಿಲ್ಲೇನ್ರಿ?”

ಮನೆಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದೂವರೆ ಪುಟದ ಹಾಳೆ ತಂದ. ಅಕ್ಷರ ನನ್ನದು. ‘ಕತ್ತಲಾಗುವ ಮುನ್ನ ಊರೆಲ್ಲ ಒಂದಾಗಿ ಹೊರಟಿತು, ಹಿಂದೆ ಉಳಿದದ್ದು ನಾಯಿಗಳು ಮಾತ್ರ.’ ಅಲ್ಪವಿರಾಮವೂ ಅದರ ಜಾಗದಲ್ಲಿಯೇ ಇತ್ತು.

ಆಗ ನೆನಪಾಯಿತು. ಪ್ರತಿವರ್ಷ ಸೆಪ್ಟೆಂಬರ್ ಹದಿನೇಳರಂದು ನಿಜಾಮರ ಆಳ್ವಿಕೆ ಮುಗಿದ ನೆನಪಿಗಾಗಿ ಶಾಲೆಯಲ್ಲಿ ಬಾವುಟ ಏರಿಸಿ, ಊರಿನ ಒಬ್ಬ ಹಿರಿಯನಿಂದ ಭಾಷಣ ಮಾಡಿಸುತ್ತಿದ್ದೆವು. ಹನುಮಪ್ಪ ಮೊದಲ ಸಲ ವೇದಿಕೆ ಹತ್ತಿದಾಗ ಹಿಂದಿನದು ಮುಂದಾಗಿ, ಎಮ್ಮೆಯ ಕತೆಯಿಂದ ಅಳಿಯನ ಕತೆಗೆ ಹಾರಿ, ಮುಕ್ಕಾಲು ಗಂಟೆ ಮಾತನಾಡಿದ್ದ. ನನಗೆ ಸಹನೆಯಾಗಲಿಲ್ಲ. ಮರುವರ್ಷ ನಾನೇ ಕ್ರಮವಾಗಿ ಬರೆದು, ಮೂರು ಸಲ ಓದಿಸಿ ಬಾಯಿಪಾಠ ಮಾಡಿಸಿದ್ದೆ. ನಾನು ವರ್ಗವಾಗಿ ಹೋದ ಮೇಲೂ ಹಾಳೆ ಊರಿನಲ್ಲಿ ಉಳಿಯಿತು.

“ಈ ಹಾಳಿ ಇಲ್ದ ಯಾರೂ ಸ್ಟೇಜ ಹತ್ತಂಗಿಲ್ರಿ. ಭಾಳ ಛಲೋ ಬರದೀರಿ” ಎಂದ ಹನುಮಪ್ಪ.

“ಅದಿರ್ಲಿ. ನಿನಗ ಖರೇನ ನೆನಪಿದ್ದದ್ದು ಏನು?”

ಅವನು ಹಾಳೆಯನ್ನು ತಿರುವಿ ನೋಡಿದ. “ಈಗ ಯಾವದು ನಂದು, ಯಾವದು ಹಾಳಿದು, ತಿಳಿವಲ್ದರಿ.”

ಅಷ್ಟರಲ್ಲಿ ಎದುರುಮನೆಯ ಜಗಲಿಯಿಂದ ಒಂದು ದನಿ ಬಂತು. ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದ ಮುದುಕಿ. “ಆ ಹಾಳಿ ಬರದಾಕಿ ನೀನೇನವ್ವಾ?”

ಹೌದೆಂದೆ.

“ನಾಯಿ ಅಷ್ಟ ಉಳದ್ವು ಅಂತ ಬರದೀಯಲ್ಲ, ನಾನೂ ನಮ್ಮ ಆಯಿನೂ ನಾಯೇನು?”

ಕಟ್ಟೆಯವರು ನಕ್ಕರು. “ಸೋಮವ್ವಾ, ಸುಮ್ನಿರಬೇ” ಎಂದ ಒಬ್ಬ.

“ಸುಮ್ನ ಅದೀನಲ್ಲೋ ಇಪ್ಪತ್ತೈದ ವರ್ಸ. ವರ್ಸಕ್ಕೊಮ್ಮಿ ಮೈಕ್ ಹಚ್ಚಿ ನಾಯಿ ಅನ್ನಿಸ್ಕೊಂಡೀನಿ.”

ನಾನು ಹುಲಿಗೆಮ್ಮನ ಕಡೆ ನೋಡಿದೆ. “ನಾನೂ ಇವರನ್ನ ಕೇಳಿಲ್ರಿ” ಎಂದಳು ಮೆಲ್ಲಗೆ. ನಾನೇ ಅವಳಿಗೆ ‘ಸ್ನೋಬಾಲ್ ಸ್ಯಾಂಪ್ಲಿಂಗ್’ ಕಲಿಸಿದ್ದೆ: ಒಬ್ಬರನ್ನು ಮಾತನಾಡಿಸಿ, ಅವರು ತೋರಿಸಿದ ಇನ್ನೊಬ್ಬರ ಬಳಿಗೆ ಹೋಗುವ ಕ್ರಮ. ಹನುಮಪ್ಪ ತನ್ನೊಡನೆ ವೇದಿಕೆ ಹತ್ತಿದವರನ್ನು ತೋರಿಸಿದ್ದ. ಅವರು ತಮ್ಮಂಥವರನ್ನು ತೋರಿಸಿದ್ದರು. ವೇದಿಕೆಯನ್ನೇ ಹತ್ತದ ಸೋಮವ್ವನನ್ನು ಯಾರು ತೋರಿಸಬೇಕಿತ್ತು?

ನಾವಿಬ್ಬರೂ ಜಗಲಿಯ ಮೇಲೆ ಕುಳಿತೆವು. ಸೋಮವ್ವ ಮೊರ ಕೆಳಗಿಡಲಿಲ್ಲ. ಸಜ್ಜೆ ಹಸನು ಮಾಡುತ್ತಲೇ ಹೇಳಿದಳು. ಆಗ ಅವಳಿಗೆ ಎಂಟು ವರ್ಷ. ಆಯಿಗೆ, ಎಂದರೆ ಅವಳ ಅಜ್ಜಿಗೆ, ನಡೆಯಲು ಆಗುತ್ತಿರಲಿಲ್ಲ. ಊರು ಹೊರಟಾಗ ಮೊಮ್ಮಗಳು ಆಯಿಯ ಸೆರಗು ಬಿಡಲಿಲ್ಲ. ಸಂಜೆಯಾಗುತ್ತಲೇ ಆಯಿ ಅವಳನ್ನು ಮನೆ ಮನೆಗೂ ದೀಪ ಹಚ್ಚಲು ಕಳಿಸುತ್ತಿದ್ದಳು. “ಕತ್ತಲ ಮನಿ ಕಂಡ್ರ ನುಗ್ತಾರ, ದೀಪ ಇದ್ರ ಮಂದಿ ಅದಾರ ಅಂತ ಅಂಜ್ತಾರ ಅಂತಿದ್ಲು. ನನಗೂ ಅಂಜಿಕಿ. ಹತ್ತಿ ಹಿಂಜೂ ಪಿಂಜಾರ ಹುಸೇನಸಾಬ ತಾತ ಬತ್ತಿ ಹೊಸದು ಕೊಟ್ಟು, ಓಣಿ ತುದಿತನ ನನ್ನ ಹಿಂದಹಿಂದ ಬರ್ತಿದ್ದ. ಅವನೂ ಊರು ಬಿಟ್ಟಿರಲಿಲ್ಲ ನೋಡವ್ವಾ. ಅವನ್ನೂ ನಾಯ್ಯಾಗ ಹಾಕೀದಿ.”

“ನಮ್ಮ ಮನ್ಯಾಗೂ ಹಚ್ಚಿದ್ಯಾ?” ಎಂದ ಹನುಮಪ್ಪ ಕಟ್ಟೆಯಿಂದಲೇ.

“ನಿಮ್ಮ ಹೊಸ್ತಿಲ ಎತ್ತರ ಇತ್ತು. ಎಡವಿ ಬಿದ್ದಿದ್ದೆ” ಎಂದಳು. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಬಸ್ಸಿಗೆ ಕಾಯುವಾಗ ನಾನು ಹುಲಿಗೆಮ್ಮನ ಕ್ಷಮೆ ಕೇಳಿದೆ. ವಿಚಾರಿಸುವ ಮೊದಲೇ ತೀರ್ಪು ಕೊಟ್ಟಿದ್ದೆ. ವಿಧಾನ ಕಲಿಸುವವಳು ಮಾಡಬಾರದ ತಪ್ಪು ಅದು. ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರುತ್ತ, “ಇರ್ಲಿ ಬಿಡ್ರಿ ಅಕ್ಕೋರ” ಎಂದಳು. ಆಮೇಲೆ ತಲೆಯೆತ್ತಿ, “ಆದ್ರ ವಿಧಾನದ ಅಧ್ಯಾಯದಾಗ ಆ ಹಾಳಿ ಬರದವ್ರು ಯಾರು ಅಂತ ಬರೀಬೇಕಾಕ್ಕೈತ್ರಿ” ಎಂದಳು.

“ಬರಿ. ಪೂರ್ತಿ ಹೆಸರು ಬರಿ.”

ಪ್ರಬಂಧ ಗಡುವಿನೊಳಗೆ ಮುಗಿಯಿತು, ಅಂಗೀಕಾರವೂ ಆಯಿತು. ಆರು ಸಂದರ್ಶನಗಳನ್ನು ಅವಳು ಕಿತ್ತುಹಾಕಲಿಲ್ಲ. ಒಂದು ಊರು ತನ್ನ ನೆನಪನ್ನು ಹೇಗೆ ಬಾಯಿಪಾಠ ಮಾಡಿಕೊಂಡಿತೆಂಬುದಕ್ಕೆ ಅವೇ ಸಾಕ್ಷಿಯಾದವು. ಒಂಬತ್ತನೆಯದು ಸೋಮವ್ವನದು.

ಸಲ್ಲಿಸುವ ಮುನ್ನ, ಹೇಳಿದವರಿಗೆ ಅವರ ಮಾತನ್ನು ಓದಿ ಕೇಳಿಸುವ ನಿಯಮವುಂಟು. ಅದಕ್ಕೂ ನಾನು ಜೊತೆಗೆ ಹೋದೆ. ಹುಲಿಗೆಮ್ಮ ಓದಿದಳು, ಸೋಮವ್ವ ತಲೆದೂಗುತ್ತ ಕೇಳಿದಳು. ‘ಹದಿನೆಂಟು ಮನೆಗಳಿಗೆ ದೀಪ ಹಚ್ಚಿದೆ’ ಎಂಬಲ್ಲಿ ಕೈಯೆತ್ತಿ ನಿಲ್ಲಿಸಿದಳು.

“ಹತ್ತೊಂಬತ್ತು ಮಾಡವ್ವಾ. ಎಲ್ಲಾರವೂ ಮುಗದ ಮ್ಯಾಲ ಕಡೀಕ ನಮ್ಮ ಮನಿಗೂ ಹಚ್ಚತಿದ್ದೆ. ನೀವ ಕೇಳಿದಾಗ ಅದನ್ನ ನಾನ ಬಿಟ್ಟಿದ್ದೆ.”

ಹುಲಿಗೆಮ್ಮ ತಿದ್ದಿದಳು. ಹೇಳುವವರು ಕೂಡ ತಮ್ಮನ್ನೇ ಬಿಟ್ಟು ಎಣಿಸುತ್ತಾರೆ; ಅದಕ್ಕಾಗಿ ಎರಡನೆಯ ಸಲ ಹೋಗಿ ಕುಳಿತುಕೊಳ್ಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಮತ್ತು ಇದನ್ನು ಕಲಿಯುವ ಹೊತ್ತಿಗೆ ನನಗೆ ಐವತ್ತು ದಾಟಿತ್ತು.