ಅಮ್ಮಿಯ ಕೈ, ನನ್ನ ಸಿಟ್ಟು

ಗುಂಟೂರಿಗೆ ಬಂದು ಒಲೆ ಹಚ್ಚಿದ ಮೊದಲ ದಿನ ಬ್ಯಾಡಗಿಯ ಅಳತೆಯಲ್ಲೇ ಸಾರು ಮಾಡಿದೆ. ಎದುರಿನ ಅಂಗಡಿಯ ಖಾರಪುಡಿ, ಊರಲ್ಲಿ ಹಾಕುತ್ತಿದ್ದಷ್ಟೇ ಚಮಚ. ನನ್ನ ಗಂಡ ಇಮ್ತಿಯಾಜ್ ಒಂದು ತುತ್ತು ಬಾಯಿಗಿಟ್ಟವನು ತಟ್ಟೆ ಬಿಟ್ಟು ಎದ್ದು ನಿಂತ. ಕಣ್ಣಲ್ಲಿ, ಮೂಗಿನಲ್ಲಿ ನೀರು. ಮೂವತ್ತು ವರ್ಷ ಮೆಣಸಿನಕಾಯಿಯ ಊರಲ್ಲೇ ಬೆಳೆದ ನನಗೆ ಖಾರ ಅಂದರೇನು ಎಂದು ಆವತ್ತು ಗೊತ್ತಾಯಿತು. ನಮ್ಮದು ಸುಕ್ಕುಗಟ್ಟಿದ ಕಾಯಿ, ಬಣ್ಣ ಹೆಚ್ಚು, ಉರಿ ಕಡಿಮೆ. ಇಲ್ಲಿಯದು ನುಣ್ಣಗಿದ್ದು ನಾಲಿಗೆ ಸುಡುತ್ತದೆ. ಸಾರು ಚೆಲ್ಲಿ ಮೊಸರನ್ನ ತಿಂದೆವು.

ಇಮ್ತಿಯಾಜನಿಗೆ ಇಲ್ಲಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಬ್ಯಾಡಗಿಯಲ್ಲೂ ಅದನ್ನೇ ಮಾಡುತ್ತಿದ್ದ. ಕೆಲಸ ಅದೇ, ಮಾಲು ಅದೇ. ಮನೆ ಹುಡುಕುವಾಗ ಮಾತ್ರ ನಾವು ಯಾರೋ ಬೇರೆಯವರಾದೆವು. ಅದ್ದೆ, ಅಂದರೆ ಬಾಡಿಗೆ, ಅದಕ್ಕಿಟ್ಟ ಮೂರು ಮನೆ ನೋಡಿದೆವು. ಮೂರೂ ಕಡೆ ಮೊದಲು ನಗು, ಆಮೇಲೆ ಹೆಸರು ಕೇಳಿದರು, ಆಮೇಲೆ ಮನೆ ಆಗಲೇ ಬೇರೆಯವರಿಗೆ ಹೋಗಿತ್ತು. ನಾಲ್ಕನೆಯ ಮನೆಯ ನಿವೃತ್ತ ಟೀಚರಮ್ಮ ಹೆಸರು ಕೇಳಿ, "ಪರ್ವಾಲೇದು" ಅಂದರು. ಚಿಂತೆಯಿಲ್ಲ, ಇರಲಿ ಬಿಡಿ ಎಂದು ಅರ್ಥ. ಅವರು ಒಳ್ಳೆಯವರು, ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಹೆಸರಿಗೆ ಯಾಕೆ ಪರ್ವಾಲೇದು ಹೇಳಬೇಕು? ಕೇಳುವಷ್ಟು ತೆಲುಗು ಬಾರದ್ದರಿಂದ ನಕ್ಕು ಬೀಗದ ಕೈ ತೆಗೆದುಕೊಂಡೆ.

ಒಂಟಿತನ ಎಂದರೆ ಮಾತಾಡುವವರು ಇಲ್ಲದಿರುವುದಲ್ಲ. ಇಲ್ಲಿ ಎಲ್ಲರೂ ಮಾತಾಡಿಸುತ್ತಾರೆ. ಕರ್ನಾಟಕ ಅಂದರೆ "ಬೆಂಗಳೂರಾ?" ಅನ್ನುತ್ತಾರೆ. ಅಲ್ಲ, ಹಾವೇರಿ ಜಿಲ್ಲೆ ಅಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆರು ತಿಂಗಳಿಗೆ ಗ್ಯಾಸ್ ಸಿಲಿಂಡರನ್ನು ಫೋನಿನಲ್ಲಿ ತೆಲುಗಿನಲ್ಲೇ ತರಿಸಿಕೊಂಡೆ. ಆ ದಿನ ಸಿಹಿ ಮಾಡಿ ತಿಂದೆವು.

ನನ್ನನ್ನು ಉಳಿಸಿದ್ದು ಗಿರಿಜಾ. ಬ್ಯಾಡಗಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವಳು, ಒಂದನೇ ಇಯತ್ತೆಯಿಂದ ಗೆಳತಿ. ಈಗ ರಾಣೆಬೆನ್ನೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ದಿನಾ ಮಧ್ಯಾಹ್ನ ಮೂರಕ್ಕೆ ಅವಳು ಗುಂಡಿ ಹಚ್ಚುತ್ತ ಕೂತಾಗ ಫೋನು.

"ಏನ್ ಮಾಡಾಕತ್ತೀಲೇ?"

"ಬದನಿಕಾಯಿ ಹೆಚ್ಚಾಕತ್ತೇನಿ. ನೀ?"

"ನಮ್ಮ ಅವ್ವನ ಜೋಡಿ ಜಗಳಾಡಾಕತ್ತೇನಿ. ಮತ್ತೇನ್ ಮಾಡ್ಲಿ?"

ಅಷ್ಟೇ ಮಾತು. ಆದರೆ ಯಾವಾಗ ನೋಡಿದರೂ ಅದು ನಮ್ಮ ತಾಯಂದಿರ ಕೈಗಳ ಹತ್ತಿರ ಹೋಗಿ ನಿಲ್ಲುತ್ತಿತ್ತು. ನನ್ನ ಅಮ್ಮಿಯೂ ಗಿರಿಜಾಳ ಅವ್ವ ಶಾಂತವ್ವನೂ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತುಂಬು ಬಿಡಿಸುತ್ತಿದ್ದರು. ಒಣ ಕಾಯಿಯ ತೊಟ್ಟು ಮುರಿದು ತೆಗೆಯುವ ಕೆಲಸ. ಬಾಜೂ ಬಾಜೂ ಕೂತು ಇಪ್ಪತ್ತು ವರ್ಷ. ಸಂಜೆ ಮನೆಗೆ ಬಂದರೆ ಕೈ ಉರಿ. ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದರು.

"ನಾ ಅತ್ರ ಖಾಲಾ ಮೊಣಕೈಲೆ ನನ್ನ ಕಣ್ಣ ಒರಸ್ತಿದ್ಲು, ನೆನಪೈತೇನ?" ಎಂದು ಗಿರಿಜಾ ಕೇಳುತ್ತಿದ್ದಳು. ನನ್ನ ಅಮ್ಮಿಯನ್ನು ಅವಳು ಕರೆಯುವುದು ಖಾಲಾ, ಅಂದರೆ ಚಿಕ್ಕಮ್ಮ ಎಂದು. ನೆನಪಿತ್ತು. ಬೆರಳು ತಾಗಿಸಿದರೆ ಮಕ್ಕಳ ಕಣ್ಣು ಉರಿಯುತ್ತದೆಂದು ಅಮ್ಮಿ ನಮ್ಮ ಮುಖ ಮುಟ್ಟುತ್ತಲೇ ಇರಲಿಲ್ಲ. ನನ್ನ ಭಾಯಿ, ಅಂದರೆ ಅಣ್ಣ, ಓದಿದ್ದು ಆ ಕೈಯಿಂದ. ಅವನು ಅದೇ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಹಾಕಿದ್ದೂ ಆ ಕೈಯಿಂದಲೇ.

ಹೋದ ವರ್ಷ ಭಾಯಿಯ ಮಗಳ ನಿಶ್ಚಯಕ್ಕೆ ಊರಿಗೆ ಹೋದೆ. ಗಿರಿಜಾಳನ್ನೂ ಕರೆದಿದ್ದರು. ಬೀಗರು ಹಾವೇರಿಯವರು, ಬಟ್ಟೆ ಅಂಗಡಿಯವರು. ಒಳಗಿನ ಕೋಣೆಯಲ್ಲಿ ಹೆಂಗಸರೆಲ್ಲ ಕೂತಿದ್ದಾಗ ಹುಡುಗನ ಅಜ್ಜಿ ಪ್ರೀತಿಯಿಂದಲೇ ಅಮ್ಮಿಯ ಕೈ ಹಿಡಿದುಕೊಂಡರು. ಹಿಡಿದವರು ಬೆರಳು ನೋಡಿದರು.

"ಯವ್ವಾ, ಇಷ್ಟ್ಯಾಕ ಒಡದಾವ್ರೀ ಕೈ?"

ಶರಬತ್ತು ತಂದಿದ್ದ ಭಾಯಿ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟ. "ಭಾಂಡೆ ತಿಕ್ಕೂ ಸಾಬಾಣ ಆಗಿ ಬರಂಗಿಲ್ರಿ ಅಮ್ಮಿಗೆ. ಮತ್ತೇನಿಲ್ಲ. ನಮ್ಮ ಮನಿ ಹೆಣ್ಮಕ್ಕಳು ಹೊಸ್ತಿಲಾ ದಾಟಿ ದುಡದವರಲ್ರಿ."

ನನ್ನ ಕಿವಿ ಕಾದವು. ಮನೆ ಕೊಡದವರ ಎದುರು ನಕ್ಕಿದ್ದೆ, ಪರ್ವಾಲೇದು ಎಂದವರ ಎದುರು ನಕ್ಕಿದ್ದೆ. ಇದು ನನ್ನ ಮನೆ. ಇಲ್ಲಿ ನಗಬೇಕಾಗಿರಲಿಲ್ಲ.

"ಸುಳ್ಳ್ಯಾಕ ಹೇಳ್ತಿ ಭಾಯಿ? ಸಾಬಾಣ ಅಲ್ರಿ ಅಜ್ಜಿ. ಇಪ್ಪತ್ತ ವರ್ಷ ಮಾರ್ಕೆಟ್ಟಿನ್ಯಾಗ ತುಂಬು ಬಿಡಿಸ್ಯಾಳ ನಮ್ಮ ಅಮ್ಮಿ. ಅದಕ್ಕ ಹಂಗ ಆಗ್ಯಾವ."

ಭಾಯಿಯ ಮುಖ ನೋಡಲಿಲ್ಲ. ಅಮ್ಮಿಯನ್ನು ನೋಡಿದೆ. "ನೀನs ಹೇಳ ಅಮ್ಮಿ."

ಅಮ್ಮಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಎಲ್ಲರಿಗೂ ತಿಳಿಯಲೆಂದೋ ಏನೋ, ನಮ್ಮಿಬ್ಬರ ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದಳು. "ನಾ ಹೋಗಿಲ್ರಿ. ಈ ಗಿರಿಜಾನ ಅವ್ವ ಹೋಗತಿದ್ಲು. ಆಕಿನ್ನ ಕರ್ಯಾಕ ನಾ ಯಾವಾಗರ ಹೋಗಿದ್ರ ಹೋಗಿರಬೇಕು. ಈಕಿ ಸಣ್ಣಾಕಿ ಇದ್ಲು, ತಪ್ಪು ತಿಳಕೊಂಡಾಳ."

ಗಿರಿಜಾ ನನ್ನ ಬಾಜೂ ಕೂತಿದ್ದಳು. ತನ್ನ ಅವ್ವನನ್ನು ಹಾಗೆ ಒಬ್ಬಂಟಿಯಾಗಿ ಮಾರ್ಕೆಟ್ಟಿನಲ್ಲಿ ಕೂರಿಸಿಬಿಟ್ಟ ಮಾತು ಕೇಳಿಯೂ ಅವಳು ಶರಬತ್ತಿನ ಲೋಟ ನೋಡುತ್ತ, "ಹೌದ್ರಿ, ನಮ್ಮ ಅವ್ವ ಹೋಗತಿದ್ಲು," ಅಂದಳು. ನಿಶ್ಚಯ ಮುಂದುವರಿಯಿತು. ನಾನು ಊಟ ಮಾಡಲಿಲ್ಲ.

ಮರುದಿನ ಬ್ಯಾಡಗಿ ಸ್ಟೇಷನ್ನಿಗೆ ಗಿರಿಜಾ ಬಂದಳು. ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಗುಂಟೂರಿನ ರೈಲು ಹಿಡಿಯಬೇಕಿತ್ತು. ಭಾಯಿಯನ್ನು ಬೈದೆ, ಅಮ್ಮಿಯನ್ನು ಬೈದೆ, ಹೌದ್ರಿ ಅಂದದ್ದಕ್ಕೆ ಅವಳನ್ನೂ ಬೈದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಮುಗೀತೇನ?" ಅಂದಳು. "ನೀ ಸಿಟ್ಟು ಮಾಡಿ ಗಾಡಿ ಹತ್ತಾಕಿ. ಆ ಹುಡುಗಿ ಆ ಮನಿಗೆ ಬಾಳೆ ಮಾಡಾಕ ಹೋಗಾಕಿ. ಖಾಲಾ ಇಲ್ಲೇ ಇರಾಕಿ. ಎಲ್ಲಾರ ಮುಂದ ಆಕಿನ್ನ ಯಾಕ ಕೇಳಿದಿ? ಆಕಿ ಏನಂತ ಹೇಳಬೇಕಿತ್ತು?"

"ಖರೇ ಹೇಳಬೇಕಿತ್ತು."

"ನೀ ಗುಂಟೂರಾಗ ಕುಂತು ಖರೇ ಹೇಳ್ಕೋತ ಇರು," ಎಂದು ತಿರುಗಿ ಹೋದಳು. ಗಾಡಿ ಬರುವವರೆಗೂ ನಿಲ್ಲಲಿಲ್ಲ.

ಹನ್ನೊಂದು ದಿನ ಮೂರು ಗಂಟೆಗೆ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಆ ದಿನಗಳಲ್ಲಿ ಇಲ್ಲಿಯ ಮಾರ್ಕೆಟ್ಟಿನ ಕಡೆ ಹೋಗಿದ್ದೆ. ಇಲ್ಲಿಯ ಹೆಂಗಸರೂ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಾರೆ. ತೊಟ್ಟಿಗೆ ಇಲ್ಲಿ ತೊಡಿಮ ಅನ್ನುತ್ತಾರೆ. ಒಬ್ಬಾಕೆ ಬಾಯಿ ತುಂಬ ನಗುತ್ತ ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. ಇವಳ ಮಗನೂ ನಾಳೆ ಸಾಬಾಣದ ಕಥೆ ಹೇಳುತ್ತಾನೆಯೇ ಎಂದುಕೊಂಡೆ. ಗುರುತಿಲ್ಲದ ಆ ಮಗನ ಮೇಲೂ ಸಿಟ್ಟು ಬಂತು.

ಹನ್ನೆರಡನೆಯ ದಿನ ಗಿರಿಜಾ ಫೋನು ಮಾಡಿದಳು. ನಮಸ್ಕಾರ ಚಮತ್ಕಾರ ಏನಿಲ್ಲ.

"ನಿನ್ನಿ ಖಾಲಾ ಬಂದಿದ್ಲು."

"ಎಲ್ಲಿಗೆ?"

"ನಮ್ಮ ಅಂಗಡಿಗೆ. ಒಬ್ಬಾಕಿನs ಬಸ್ಸ ಹತ್ತಿ ಬಂದಾಳ. ಹಿಂದಿನ ಖೋಲ್ಯಾಗ ಅವ್ವ ಮಲಗಿದ್ಲಲಾ, ಸೀದಾ ಹೋಗಿ ಆಕಿ ಕಾಲ್ಮ್ಯಾಗ ಕೈ ಇಟ್ಲು. 'ಶಾಂತವ್ವ, ಮೊಮ್ಮಗಳ ಸಂಬಂಧ ಸುಳ್ಳ ಹೇಳೇನಿ. ನಿನ್ನ ಒಬ್ಬಾಕಿನ್ನs ಮಾಡಿದ್ನಿ' ಅಂದ್ಲು."

"ಶಾಂತವ್ವ ಏನಂದ್ಲು?"

"'ನಾನಿದ್ರೂ ಹಂಗ ಹೇಳತಿದ್ನಿ, ಏಳು' ಅಂದ್ಲು. ಆಮ್ಯಾಲೆ ಇಬ್ರೂ ಸಂಜೀತನಕ ಮಾತಾಡಿದ್ರು. ಕೆಲಸ ಮಾಡಸೋ ಮುಕಾದಮ ಹೆಂಗ ಬೈತಿದ್ದ, ಯಾರು ಹೆಂಗ ಹಾಡತಿದ್ರು, ಎಲ್ಲಾ. ನಿನಗ ಫೋನ್ ಹಚ್ಚಲೇನು ಅಂತ ನಾ ಕೇಳಿದೆ."

"ಏನಂದ್ಲು?"

"ಬ್ಯಾಡ ಅಂದ್ಲು. 'ಆಕಿ ಸಿಟ್ಟಿನ್ಯಾಗ ಇರ್ಲಿ. ಮನ್ಯಾಗ ಒಬ್ಬರರ ನನ್ನ ಸಲುವಾಗಿ ಸಿಟ್ಟು ಮಾಡಬೇಕಲ್ಲ' ಅಂದ್ಲು."

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ನೀವು ಓದಿ ಸಮಾಧಾನಪಡುತ್ತೀರಿ. ಇಳಿಯಲಿಲ್ಲ. ಸುಳ್ಳು ಹೇಳಿದ್ದು ಮನೆ ತುಂಬ ಜನರ ಮುಂದೆ, ಖರೇ ಹೇಳಿದ್ದು ಹೊಲಿಗೆ ಅಂಗಡಿಯ ಹಿಂದಿನ ಖೋಲಿಯಲ್ಲಿ. ದುಡಿದದ್ದು ಕಳ್ಳತನವೇ, ಗುಟ್ಟಾಗಿ ಒಪ್ಪಿಕೊಳ್ಳಲು? ಊರಿನವರನ್ನೇ ಕೇಳುತ್ತಿದ್ದೇನೆ. ಆ ಮಾರ್ಕೆಟ್ಟಿನ ಹೆಸರು ಹೇಳಿಕೊಂಡು ಎಲ್ಲ ಕಡೆ ಎದೆ ಉಬ್ಬಿಸುವ ನಿಮಗೆ, ಅಲ್ಲಿ ಕೂತ ತಾಯಂದಿರ ಕೈ ಯಾಕೆ ನಾಚಿಕೆ?

ಸಂಜೆ ಅಮ್ಮಿಗೆ ನಾನೇ ಫೋನು ಮಾಡಿದೆ. ನಾವಿಬ್ಬರೂ ಮಾತಾಡುವುದು ಉರ್ದುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಊಟ ಆಯಿತೇ ಎಂದಳು. ಆಯಿತು ಎಂದೆ. ಇಮ್ತಿಯಾಜ್ ಹೇಗಿದ್ದಾನೆ ಎಂದಳು. ಆಮೇಲೆ, "ಮದುವೆಗೆ ಬರುತ್ತೀಯಲ್ಲ?"

"ಬಂದರೆ ಬಾಯಿ ಮುಚ್ಚಿಕೊಂಡು ಇರುವುದಿಲ್ಲ ಅಮ್ಮಿ."

ಅವಳ ಕಡೆ ಯಾವುದೋ ಟಂಟಂ ಗಾಡಿ ಹಾರ್ನು ಹಾಕಿಕೊಂಡು ಹೋಯಿತು.

"ಮುಚ್ಚಿಕೋ ಅಂತ ನಾನೆಲ್ಲಿ ಹೇಳಿದೆ?" ಅಂದಳು. "ಬಾ."

ಮರುದಿನ ಓಣಿಯ ತುದಿಯ ಅಂಗಡಿಯಲ್ಲಿ ರೈಲಿನ ಟಿಕೆಟ್ ಮಾಡಿಸಿದೆ. ಹುಬ್ಬಳ್ಳಿಯ ಹೆಸರು ನೋಡಿ ಅಂಗಡಿಯಾತ, "ಊರಿಕಾ?" ಎಂದು ಕೇಳಿದ. ಊರಿಗಾ ಎಂದು ಅರ್ಥ. ಹೌದೆಂದೆ. ನಾಲ್ಕು ದಿನದ ನಂತರದ ವಾಪಸು ಟಿಕೆಟ್ಟನ್ನೂ ಕೇಳಿದಾಗ, "ಇದು?" ಅಂದ. "ಇಂಟಿಕಿ," ಅಂದುಬಿಟ್ಟೆ. ಮನೆಗೆ. ಯೋಚಿಸದೆ, ಒಂದು ತಪ್ಪಿಲ್ಲದ ತೆಲುಗಿನಲ್ಲಿ, ಹೆಸರು ಕೇಳಿ ಮನೆ ಕೊಡದ ಗುಂಟೂರನ್ನೇ ಮನೆ ಎಂದಿದ್ದೆ. ಹೇಳಿ ಮುಗಿಸಿದ ಮೇಲೆ, ಆ ಎರಡು ಚೀಟಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಾಗ, ಈ ಸಲ ನನ್ನ ಮೇಲೆಯೇ ಸಿಟ್ಟು ಬಂತು.